ಐದೂವರೆಯ ಆಮಂತ್ರಣ, ಒಂಬತ್ತೂವರೆಯ ಗಾಯನ

ಹೋದ ವರ್ಷ ಜನವರಿಯ ಒಂದು ಶನಿವಾರ. ಹುಬ್ಬಳ್ಳಿಯ ಒಂದು ಸಭಾಭವನದಲ್ಲಿ ನಮ್ಮ ಸಂಗೀತ ಸಭೆಯ ವಾರ್ಷಿಕ ಕಾರ್ಯಕ್ರಮ ಇತ್ತು. ರಾತ್ರಿ 9 ಗಂಟೆ 50 ನಿಮಿಷಕ್ಕೆ ಮಧ್ಯದ ಸಾಲಿನಿಂದ ಇಬ್ಬರು ಎದ್ದರು. ವೇದಿಕೆಯ ಮೇಲೆ ಬಾಗೇಶ್ರೀ ರಾಗ ಆಗತಾನೇ ಬಿಚ್ಚಿಕೊಳ್ಳುತ್ತಿತ್ತು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಎದ್ದು ಬಂದವರು ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರು ಮತ್ತು ಅವರ ಹೆಂಡತಿ. ಮಾಸ್ತರಿಗೆ 76 ವರ್ಷ.

ಚಪ್ಪಲಿಯ ಸಪ್ಪಳ ಆಗಬಾರದು ಅಂತ ಅವುಗಳನ್ನು ಕೈಯಲ್ಲಿ ಹಿಡಿದುಕೊಂಡು ಬಂದಿದ್ದರು. ಬಾಗಿಲು ದಾಟುವ ಮೊದಲು ಒಮ್ಮೆ ನಿಂತರು. ವಿಲಂಬಿತ ಏಕತಾಲದ, ಅಂದರೆ ಬಹಳ ನಿಧಾನದ ತಾಳದ, ಒಂದು ಸುತ್ತು ನಡೆದಿತ್ತು. ಅದು ಸುತ್ತಿ ಬರಲು ಮುಕ್ಕಾಲು ನಿಮಿಷವಾದರೂ ಬೇಕು. ಅವರು ಸಮ್, ಅಂದರೆ ಆ ಸುತ್ತಿನ ಮೊದಲ ಪೆಟ್ಟು, ಬರುವವರೆಗೆ ಕಾದರು. ಸಮ್‌ಗೆ ತಲೆದೂಗಿದರು. ನನ್ನ ಕಡೆ ನೋಡಿ ಕೈ ಎತ್ತಿ ಹೊರಗೆ ಹೋದರು.

ಆ ರಾತ್ರಿ ಹಾಗೆ ಹೋದವರು ಅವರಿಬ್ಬರೇ ಅಲ್ಲ. ಹತ್ತೂವರೆಗೆ ಗಾಯಕರು ದರಬಾರಿ ರಾಗ ಶುರು ಮಾಡಿದಾಗ ಅರ್ಧಕ್ಕಿಂತ ಜಾಸ್ತಿ ಕುರ್ಚಿ ಖಾಲಿ ಇದ್ದವು. ಎದ್ದು ಹೋದವರಲ್ಲಿ ಬಹಳಷ್ಟು ಜನ ತಲೆ ನೆರೆತವರು. ಮರುದಿನ ಸಮಿತಿಯ ಸಭೆಯಲ್ಲಿ ಒಬ್ಬರು ಹೇಳಿದರು: ‘ಹಿರಿಯರಿಗೆ ಈಗ ಮೊದಲಿನ ಆಸಕ್ತಿ ಉಳಿದಿಲ್ಲ.’ ಯಾರೂ ಇಲ್ಲ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಈ ಬರಹ ಆ ಮಾತು ಎಷ್ಟು ತಪ್ಪಾಗಿತ್ತು ಅನ್ನುವುದರ ಬಗ್ಗೆ.

ಮಾಳಮಡ್ಡಿಯಲ್ಲಿ ಕೇಳಿದ್ದು

ಎಂಟು ದಿನ ಬಿಟ್ಟು ಧಾರವಾಡಕ್ಕೆ ಹೋಗಿದ್ದೆ. ಮಾಳಮಡ್ಡಿಯಲ್ಲಿ ಮಾಸ್ತರ ಮನೆ ಹೊಕ್ಕೆ. ಕಾಕು, ಅಂದರೆ ಮಾಸ್ತರ ಹೆಂಡತಿ, ಚಹಾ ಕೊಟ್ಟರು. ‘ಅವತ್ತ ಹೆಂಗ ಮುಟ್ಟಿದ್ರಿ?’ ಅಂತ ಸುಮ್ನೆ ಕೇಳಿದೆ. ಮಾಸ್ತರು ಮಾತು ತೇಲಿಸಿದರು. ಕಾಕು ಬಿಡಲಿಲ್ಲ, ಎಲ್ಲ ಹೇಳಿದರು.

ಅವರು ಆ ದಿನ ನಾಲ್ಕಕ್ಕೆ ಮನೆ ಬಿಟ್ಟಿದ್ದರು. ಆಟೋದಲ್ಲಿ ಜುಬಿಲಿ ಸರ್ಕಲ್, ಅಲ್ಲಿಂದ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು. ಐದೂಕಾಲಿಗೆ ಸಭಾಭವನದಲ್ಲಿ ಇದ್ದರು. ಆಮಂತ್ರಣದಲ್ಲಿ ‘ಸಂಜೆ 5:30ಕ್ಕೆ ಸರಿಯಾಗಿ’ ಅಂತ ನಾವೇ ಅಚ್ಚು ಹಾಕಿಸಿದ್ದೆವು. ಎಂಟೂವರೆ, ಬಹಳ ಅಂದರೆ ಒಂಬತ್ತಕ್ಕೆ ಮುಗಿಯುತ್ತದೆ ಅಂತ ಅವರ ಲೆಕ್ಕ. ಗಣಿತದ ಮಾಸ್ತರು, ಲೆಕ್ಕ ಹಾಕದೆ ಹೊರಡುವವರಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಇದೆ. ರಾತ್ರಿ ಎಂಟಕ್ಕೆ ಮಾತ್ರೆ, ಅದಾದ ಮೇಲೆ ಊಟ. ಎಷ್ಟೋ ವರ್ಷದ ರೂಢಿ. ಆ ದಿನವೂ ಎಂಟಕ್ಕೆ ಕೈ ತಾನಾಗಿಯೇ ಜೇಬಿಗೆ ಹೋಯಿತು. ಮಾತ್ರೆ ನುಂಗಿದರು. ಹೊರಗೆ ಏನಾದರೂ ತಿಂದರಾಯಿತು ಅಂದುಕೊಂಡಿದ್ದರು. ಆದರೆ ನಾವು ಇಟ್ಟಿದ್ದ ಗಿರಮಿಟ್ಟು, ಮಿರ್ಚಿ, ಚಹಾದ ಟೇಬಲ್ ಏಳೂವರೆಗೇ ಖಾಲಿಯಾಗಿತ್ತು. ಇನ್ನೇನು ಮುಖ್ಯ ಗಾಯನ ಶುರುವಾಗುತ್ತದೆ, ಈಗ ಹೊರಗೆ ಹೋಗುವುದು ಹೇಗೆ ಅಂತ ಕೂತೇ ಇದ್ದರು. ಇನ್ನೇನು, ಇನ್ನೇನು ಅನ್ನುತ್ತಲೇ ಒಂಬತ್ತೂಕಾಲು ದಾಟಿತು.

ಹತ್ತು ಗಂಟೆಯ ಮೇಲೆ ಚಿಗರಿ ನಿಲ್ದಾಣದಲ್ಲಿ ಅವರಿಗೆ ಮೈ ಬೆವರಿತು. ಕೈ ನಡುಗಿತು. ಕಣ್ಣಿಗೆ ಕತ್ತಲೆ ಬಂತು. ನೆಲದ ಮೇಲೆಯೇ ಕೂತರು. ಪರೀಕ್ಷೆಗೆ ಓದಲು ಹುಬ್ಬಳ್ಳಿಗೆ ಬಂದು ಹೋಗುವ ಒಬ್ಬ ಹುಡುಗಿ ತನ್ನ ಚೀಲದಿಂದ ಬಿಸ್ಕೀಟು ಕೊಟ್ಟಳು. ಕಾಕು ತಮ್ಮ ಬ್ಯಾಗಿನಲ್ಲಿದ್ದ ಬೆಲ್ಲದ ಹರಳು ಬಾಯಿಗೆ ಹಾಕಿದರು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಸುಧಾರಿಸಿಕೊಂಡರು. ಆ ಹುಡುಗಿ ತನ್ನ ಬಸ್ಸು ಬಿಟ್ಟು ಇವರ ಜೊತೆ ಕೂತಿದ್ದಳಂತೆ. ಮನೆ ಮುಟ್ಟುವಾಗ ಹನ್ನೊಂದೂವರೆ.

ಮಾಸ್ತರು ಕಿಟಕಿಯ ಕಡೆ ನೋಡುತ್ತಾ ಕೂತಿದ್ದರು. ಆಮೇಲೆ ಹೇಳಿದರು: ‘ತಮ್ಮಾ, ಗಾಯನ ಬ್ಯಾಸರಾಗಿ ನಾ ಎದ್ದು ಹೋಗಲಿಲ್ಲ. ದರಬಾರಿ ಕೇಳಾಕಂತನ ಬಂದಿದ್ದೆ.’

ಅದು ನನಗೆ ಗೊತ್ತಿತ್ತು. ಕಾರ್ಯಕ್ರಮದ ಹಿಂದಿನ ವಾರ ಫೋನ್ ಮಾಡಿ ‘ದರಬಾರಿ ಹಾಡ್ತಾರೇನು?’ ಅಂತ ಕೇಳಿದ್ದರು. ಹಾಡುತ್ತಾರೆ ಬನ್ನಿ ಅಂದವನು ನಾನೇ.

ಹೊತ್ತು ಎಲ್ಲಿ ಹೋಯಿತು

ಆ ರಾತ್ರಿ ಮನೆಗೆ ಬಂದು ಲೆಕ್ಕ ಮಾಡಿದೆ. ನಿರೂಪಣೆ ಮಾಡಿದವರ ಹಾಳೆ, ವಿಡಿಯೊದಲ್ಲಿದ್ದ ಸಮಯ, ನನ್ನ ಮೊಬೈಲಿನ ಫೋಟೋಗಳು, ಎಲ್ಲ ಇಟ್ಟುಕೊಂಡು ಕೂತೆ. ಐದೂವರೆಯಿಂದ ಒಂಬತ್ತು ಇಪ್ಪತ್ತೈದರವರೆಗೆ 235 ನಿಮಿಷ.

ಮೊದಲ 50 ನಿಮಿಷ ಏನೂ ನಡೆಯಲಿಲ್ಲ. ಸೌಂಡ್‌ನವರು ಇನ್ನೂ ವೈರು ಎಳೆಯುತ್ತಿದ್ದರು. ಅವರದು ತಪ್ಪಲ್ಲ. ನಾವು ಅವರಿಗೆ ಬರಲು ಹೇಳಿದ್ದೇ ನಾಲ್ಕೂವರೆಗೆ. ಆರೂ ಇಪ್ಪತ್ತಕ್ಕೆ ಪ್ರಾರ್ಥನೆ, ನಾಡಗೀತೆ ಸೇರಿ 10 ನಿಮಿಷ. ಆಮೇಲೆ ಅತಿಥಿಗಳಿಗೆ ಕಾದದ್ದು 25 ನಿಮಿಷ. ಅವರು ಬಂದ ಮೇಲೆ ದೀಪ, ಸ್ವಾಗತ, ಪ್ರಾಸ್ತಾವಿಕ ಮಾತು, ದಾನಿಗಳಿಗೆ ಶಾಲು ಹಾರ, ಭಾಷಣ ಸೇರಿ 50 ನಿಮಿಷ. ಯುವ ಗಾಯಕಿಗೆ ಅರ್ಧ ತಾಸು ಅಂತ ಇತ್ತು. ಅದು 50 ನಿಮಿಷ ಆಯಿತು. ಅವಳು ಚೆನ್ನಾಗಿ ಹಾಡಿದಳು, ಆ ಇಪ್ಪತ್ತು ನಿಮಿಷದ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ. ಕೊನೆಗೆ ವೇದಿಕೆ ಬದಲಿಸಿ, ತಂಬೂರಿ ತಬಲಾ ಕೂಡಿಸಿ, ಮೈಕ್ ಸರಿ ಮಾಡಿ, ಗಾಯಕರ ಪರಿಚಯ ಓದುವುದಕ್ಕೆ ಮತ್ತೆ 50 ನಿಮಿಷ.

235 ನಿಮಿಷದಲ್ಲಿ ಸಂಗೀತ ಇದ್ದದ್ದು ಪ್ರಾರ್ಥನೆ ಹಿಡಿದು 60 ನಿಮಿಷ. ಉಳಿದ ಸುಮಾರು ಮೂರು ತಾಸು ಜನ ಸುಮ್ಮನೆ ಕೂತಿದ್ದರು. ಹಿರಿಯರಿಗೆ ಮೂರು ತಾಸಿನ ಸಂಗೀತ ಕೇಳಲು ಆಗುವುದಿಲ್ಲ ಅಂತ ನಾವು ಅಂದುಕೊಂಡಿದ್ದೆವು. ಆದರೆ ಮೂರು ತಾಸು ಕೂರುವ ಶಕ್ತಿಯನ್ನು ಅವರು ಆಗಲೇ ಖರ್ಚು ಮಾಡಿದ್ದರು. ಅದನ್ನು ನಾವು ಭಾಷಣಕ್ಕೂ ವೈರಿಗೂ ಬಳಸಿಕೊಂಡೆವು.

ತಡ ಆಗುವುದು ಕಲಾವಿದರಿಂದ ಅನ್ನುವ ಮಾತು ಎಲ್ಲ ಕಡೆ ಇದೆ. ನಾನೂ ಹಾಗೇ ನಂಬಿದ್ದೆ. ಆ ದಿನದ ಗಾಯಕರಿಗೆ ಫೋನ್ ಮಾಡಿ ಕೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಹೇಳಿದರು. ಆರು ಗಂಟೆಗೇ ಅವರು ಲಾಡ್ಜಿನಲ್ಲಿ ತಯಾರಾಗಿ, ತಂಬೂರಿ ಕೂಡಿಸಿಕೊಂಡು ಕೂತಿದ್ದರು. ನಾವು ಗಾಡಿ ಕಳಿಸಿದ್ದು ಎಂಟಕ್ಕೆ. ಹಾಡುವ ಮೊದಲು ಹೊಟ್ಟೆ ತುಂಬ ಊಟ ಮಾಡುವಂತಿಲ್ಲ. ಹಾಗಾಗಿ ಅವರೂ ಉಪವಾಸವೇ ಇದ್ದರು. ಮಾಸ್ತರು ಕೆಳಗೆ ಕಾಯುತ್ತಿದ್ದಂತೆ ಅವರು ಮೇಲೆ ಕಾಯುತ್ತಿದ್ದರು.

ಹೊತ್ತು ಪಾಲಿಸುವುದು ನಮ್ಮ ಸಂಗೀತಕ್ಕೆ ಹೊಸದಲ್ಲ. ಧಾರವಾಡ ಆಕಾಶವಾಣಿ 1950ರ ಜನವರಿಯಿಂದ ಇದೆ. ಈ ಭಾಗದ ಎಷ್ಟೋ ದೊಡ್ಡ ಗಾಯಕರು ಅಲ್ಲಿ ಹಾಡಿದ್ದಾರೆ. ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿದರೆ ಷಡ್ಜ, ಅಂದರೆ ‘ಸಾ’ ಸ್ವರ, ಬರಲೇಬೇಕು. ಅದೇ ಕಲಾವಿದರು, ಅದೇ ತಂಬೂರಿ. ಅಲ್ಲಿ ಆಗುವುದು ಸಭಾಭವನದಲ್ಲಿ ಯಾಕೆ ಆಗುವುದಿಲ್ಲ? ಅಲ್ಲಿ ಯಾರಿಗೂ ಶಾಲು ಹೊದಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

ಬಯಲಿನಲ್ಲಿ ಮಾಡುವ ಕಾರ್ಯಕ್ರಮಗಳಿಗೆ ಇನ್ನೊಂದು ಕಟ್ಟು ಇದೆ. ಶಬ್ದ ಮಾಲಿನ್ಯದ ಬಗ್ಗೆ 2000ರಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ ಕೆಲವೇ ದಿನ, ಹಬ್ಬ ಉತ್ಸವಗಳಿಗೆ ಮಧ್ಯರಾತ್ರಿಯವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಪುಣೆಯ ಸವಾಯಿ ಗಂಧರ್ವ ಮಹೋತ್ಸವ ಒಂದು ಕಾಲಕ್ಕೆ ಇಡೀ ರಾತ್ರಿ ನಡೆಯುತ್ತಿತ್ತು. ಈ ನಿಯಮ ಬಂದ ಮೇಲೆ ಅದರ ಹೊತ್ತೇ ಬದಲಾಯಿತು. ಮುಚ್ಚಿದ ಸಭಾಭವನಕ್ಕೆ ಈ ಕಟ್ಟಿಲ್ಲ. ಹಾಗಾಗಿ ನಮ್ಮನ್ನು ಯಾರೂ ನಿಲ್ಲಿಸುವವರಿಲ್ಲ. ನಾವು ಎಳೆಯುತ್ತಲೇ ಹೋದೆವು.

ವಯಸ್ಸಾದ ಮೈಗೆ ರಾತ್ರಿ ಅಂದರೆ ಏನು

ಮಾಸ್ತರ ಜೊತೆ ಇನ್ನೂ ಕೆಲವು ಹಿರಿಯ ಕೇಳುಗರ ಮನೆಗೆ ಹೋದೆ. ಕೆಲವರು ಹೇಳಿಕೊಳ್ಳಲು ಸಂಕೋಚಪಟ್ಟರು. ಹೆಚ್ಚಿನವರು ಕಾರ್ಯಕ್ರಮದ ದಿನ ಮಧ್ಯಾಹ್ನದಿಂದ ನೀರೇ ಕುಡಿಯುವುದಿಲ್ಲ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ ತೆಗೆದುಕೊಳ್ಳುವವರಿಗೆ, ಪ್ರಾಸ್ಟೇಟ್ ತೊಂದರೆ ಇರುವವರಿಗೆ ತಾಸಿಗೊಮ್ಮೆ ಏಳಬೇಕಾಗುತ್ತದೆ. ಸಾಲಿನ ನಡುವೆ ಕೂತರೆ ಹತ್ತು ಜನರ ಮೊಣಕಾಲು ದಾಟಬೇಕು. ಶೌಚಾಲಯ ಇರುವುದು ಮೆಟ್ಟಿಲು ಇಳಿದು ಹಿಂದಕ್ಕೆ. ಸಭಾಭವನದಲ್ಲಿ ದೀಪ ಆರಿಸಿರುತ್ತಾರೆ. ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು ಅನ್ನುವ ಹೆದರಿಕೆ. ಅದಕ್ಕೇ ನೀರು ಬಿಡುತ್ತಾರೆ.

ಕಣ್ಣಿನದು ಇನ್ನೊಂದು. ವಯಸ್ಸಾದಂತೆ ಕತ್ತಲೆಯಲ್ಲಿ ಪಾಪೆ ಮೊದಲಿನಷ್ಟು ಅಗಲ ಆಗುವುದಿಲ್ಲ, ಮಸೂರ ಮಬ್ಬಾಗುತ್ತದೆ. ಎದುರಿನ ಗಾಡಿಯ ದೀಪ ಬಿದ್ದರೆ ಕಣ್ಣ ಮುಂದೆ ಬೆಳಕಿನ ಗೋಡೆ ನಿಂತ ಹಾಗೆ ಆಗುತ್ತದೆ. ಹಗಲು ಆರಾಮವಾಗಿ ಸ್ಕೂಟರ್ ಓಡಿಸುವವರೂ ರಾತ್ರಿ ಒಂಬತ್ತರ ಮೇಲೆ ಮುಟ್ಟುವುದಿಲ್ಲ. ಮಾಸ್ತರ ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿ ಇದೆ.

ಕಿವಿಯ ವಿಷಯ ನನಗೆ ಹೊಸದಾಗಿತ್ತು. ಕಿವಿ ಮಂದವಾದವರಿಗೆ ದೊಡ್ಡ ಸದ್ದು ಬೇಕು ಅಂತ ನಾವು ತಿಳಿದಿರುತ್ತೇವೆ. ಹಾಗಲ್ಲ. ಸಣ್ಣ ಸದ್ದು ಕೇಳುವುದಿಲ್ಲ, ಆದರೆ ದೊಡ್ಡ ಸದ್ದು ಬೇಗ ಚುಚ್ಚುತ್ತದೆ. ಎರಡರ ನಡುವೆ ಹಿತವಾಗಿ ಕೇಳುವ ಜಾಗ ಕಿರಿದಾಗಿರುತ್ತದೆ. ಕಿವಿಯ ಮಷಿನು ಮುಖ್ಯವಾಗಿ ಮಾತಿಗೆ ಹೊಂದಿಸಿದ್ದು. ತಂಬೂರಿಯ ನಿಲ್ಲದ ನಾದವನ್ನು ಕೆಲವು ಮಷಿನುಗಳು ಗದ್ದಲ ಅಂತ ತಿಳಿದು ಅದುಮಿಬಿಡುತ್ತವೆ. ‘ಮಷಿನ್ ಹಾಕಿದ್ರ ಭಾಷಣ ಕೇಳಸ್ತೈತಿ, ತಂಬೂರಿ ಕೇಳೂದಿಲ್ಲ’ ಅಂದರು ಮಾಸ್ತರು. ನಾನು ಮಾತಿಲ್ಲದೆ ಕೂತೆ. ಆ ಸಂಜೆ ಅವರಿಗೆ ನಾವು ಕೊಟ್ಟದ್ದು ಬರೀ ಭಾಷಣ ಅಲ್ವಾ?

ಮತ್ತೆ ಮಾತ್ರೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು, ಗ್ಲಿಮಿಪಿರೈಡ್‌ನಂಥವು, ನೀವು ಉಂಡಿರಿ ಬಿಟ್ಟಿರಿ ನೋಡದೆ ಮೈಯಿಂದ ಇನ್ಸುಲಿನ್ ಹೊರಡಿಸುತ್ತವೆ. ಊಟ ತಡವಾದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಭಯ. ತಿಂಡಿಯ ಟೇಬಲ್ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಅನ್ನುವುದು ನಮಗೆ ಖರ್ಚಿನ ಪ್ರಶ್ನೆ. ಅವರಿಗೆ ಅದು ಜೀವದ ಪ್ರಶ್ನೆ.

ನಿದ್ದೆಯೂ ವಯಸ್ಸಿನ ಜೊತೆ ಹಿಂದಕ್ಕೆ ಸರಿಯುತ್ತದೆ. ಒಂಬತ್ತಕ್ಕೆ ಕಣ್ಣು ಎಳೆಯುತ್ತದೆ, ನಾಲ್ಕೂವರೆಗೆ ಎಚ್ಚರ ಆಗುತ್ತದೆ. ಇದು ಸೋಮಾರಿತನ ಅಲ್ಲ, ಆಸಕ್ತಿಯ ಕೊರತೆಯೂ ಅಲ್ಲ. ಮೈಯ ಗಡಿಯಾರವೇ ಹಾಗೆ ತಿರುಗಿರುತ್ತದೆ.

ಕುಂದಗೋಳದ ಮಾತು

ಸಮಿತಿಯಲ್ಲಿ ಇದನ್ನೆಲ್ಲ ಹೇಳಿದಾಗ ಒಬ್ಬರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ‘ಇದೇ ಹಿರಿಯರು ಕುಂದಗೋಳದಾಗ ಇಡೀ ರಾತ್ರಿ ಕೂತು ಕೇಳತಿದ್ರಲ್ಲ?’

ಹೌದು. ಕುಂದಗೋಳದ ನಾಡಗೀರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿನಲ್ಲಿ ನಡೆಯುವ ಅಹೋರಾತ್ರಿ ಸಂಗೀತ ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡವರು. ಭೀಮಸೇನ ಜೋಶಿಯವರು ಕಲಿತದ್ದೂ ಅವರ ಹತ್ತಿರವೇ. ಮಾಸ್ತರು ನೌಕರಿಗೆ ಸೇರಿದ ಹೊಸದರಲ್ಲಿ ವರ್ಷ ತಪ್ಪದೆ ಆ ವಾಡೆಗೆ ಹೋಗುತ್ತಿದ್ದರು.

ಈ ಪ್ರಶ್ನೆಯನ್ನು ನಾನು ಮಾಸ್ತರಿಗೇ ಕೇಳಿದೆ. ಅವರ ಉತ್ತರ ಇಡೀ ವಿಷಯವನ್ನೇ ತಿರುಗಿಸಿತು.

‘ಅಲ್ಲಿ ಬೆಳಗಾಗೂದ್ರಾಗ ಮುಗೀತಿತ್ತು ತಮ್ಮಾ. ಹೊರಗ ಬಂದ್ರ ಬೆಳಕಿರತಿತ್ತು. ಚಹಾ ಕುಡದು ಮುಂಜಾನಿ ಗಾಡಿ ಹತ್ತತಿದ್ವಿ. ನಡುವ ನಿದ್ದಿ ಬಂದ್ರ ಅಲ್ಲೇ ಹಿಂದ ಸತರಂಜಿ ಮ್ಯಾಲ ಅಡ್ಡಾಗೂದು. ಬೇಕಾದ ರಾಗ ಬಂದ್ರ ಯಾರರ ಎಬ್ಬಸ್ತಿದ್ರು. ನೀವು ಹಂಗ ಮಾಡೂದಿಲ್ಲ. ಹನ್ನೊಂದೂವರಿಗೆ ಮುಗಸ್ತೀರಿ. ಆ ಹೊತ್ತಿನ್ಯಾಗ ಮನಷ್ಯಾ ಎಲ್ಲಿಗೆ ಹೋಗಬೇಕು?’

ನಾವು ಇಷ್ಟು ದಿನ ರಾತ್ರಿಯೇ ಹಿರಿಯರ ತೊಂದರೆ ಅಂದುಕೊಂಡಿದ್ದೆವು. ಅವರಿಗೆ ತೊಂದರೆ ಕೊಡುವುದು ಅರ್ಧ ರಾತ್ರಿ. ಸಂಜೆ ಮುಗಿದರೆ ಬಸ್ಸು ಇದೆ. ಬೆಳಗ್ಗೆ ಮುಗಿದರೂ ಬಸ್ಸು ಇದೆ. ಹನ್ನೊಂದೂವರೆಗೆ ಬಸ್ಸು ಕಡಿಮೆ, ಆಟೋದವರು ಹೇಳಿದ್ದೇ ಬಾಡಿಗೆ, ನಾಯಿಗಳ ಕಾಟ, ಮನೆಯಲ್ಲಿ ಬಾಗಿಲು ತೆಗೆಯಲು ಯಾರಾದರೂ ಎಚ್ಚರ ಇರಬೇಕು. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇರುವ ಮನೆಗಳು ಧಾರವಾಡದಲ್ಲಿ ಓಣಿಗೆ ಎಷ್ಟಿಲ್ಲ? ಇಡೀ ರಾತ್ರಿಯ ಬೈಠಕ್‌ಗೆ ಒಂದು ವ್ಯವಸ್ಥೆ ಇತ್ತು: ಮಲಗಲು ಜಾಗ, ಕುಡಿಯಲು ಚಹಾ, ಹೋಗಲು ಬೆಳಗಿನ ಗಾಡಿ. ನಾವು ಅದರ ತಡವನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟೆವು.

ರಾಗದ ಹೊತ್ತು

ಹಾಗಾದರೆ ಎಲ್ಲವನ್ನೂ ಸಂಜೆ ಐದಕ್ಕೆ ಶುರು ಮಾಡಿ ಎಂಟಕ್ಕೆ ಮುಗಿಸಿದರೆ ಆಯಿತಲ್ಲ? ಅಷ್ಟು ಸುಲಭ ಅಲ್ಲ. ಹಿಂದೂಸ್ತಾನಿ ರಾಗಗಳಿಗೆ ಹೊತ್ತು ಇದೆ. ಮಾರವಾ ಸೂರ್ಯ ಮುಳುಗುವ ಹೊತ್ತಿನದು. ಯಮನ್ ದೀಪ ಹಚ್ಚಿದ ಮೇಲಿನದು. ಬಾಗೇಶ್ರೀ ರಾತ್ರಿ ಬಲಿತ ಮೇಲೆ. ದರಬಾರಿ, ಮಾಲಕಂಸ ಮಧ್ಯರಾತ್ರಿಯ ಆಸುಪಾಸಿನವು. ದರಬಾರಿಯ ಆ ತೂಗಾಡುವ ಗಾಂಧಾರ ಸ್ವರ, ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ನಿಂತು ನಿಂತು ಹೋಗುವ ನಡೆ, ಹೊರಗೆ ಟ್ರಾಫಿಕ್ ಹಾರ್ನ್ ಕೇಳುತ್ತಿದ್ದರೆ ಕೂರುವುದಿಲ್ಲ. ಕೇಳುವವರಿಗೂ ಮನಸ್ಸು ಒಪ್ಪುವುದಿಲ್ಲ. ಮಾಸ್ತರೇ ‘ಏಳು ಗಂಟೇಕ ದರಬಾರಿ ಬ್ಯಾಡ’ ಅಂದರು.

ಈ ವಾದವನ್ನು ನಾನು ಗೌರವಿಸುತ್ತೇನೆ. ಆದರೆ ಇದೇ ವಾದದ ಇನ್ನೊಂದು ಮಗ್ಗುಲನ್ನು ಯಾರೂ ನೋಡುವುದಿಲ್ಲ. ಎಲ್ಲ ಕಾರ್ಯಕ್ರಮ ರಾತ್ರಿಗೇ ಇಟ್ಟರೆ ಉಳಿದ ರಾಗಗಳ ಗತಿ ಏನು? ಮಧ್ಯಾಹ್ನದ ಸಾರಂಗಗಳು, ಇಳಿಹೊತ್ತಿನ ಭೀಮಪಲಾಸಿ, ಮುಲ್ತಾನಿ, ಬೆಳಗಿನ ಲಲಿತ್, ಭೈರವ, ತೋಡಿ. ಇವನ್ನು ಎದುರಿಗೆ ಕೂತು ಕೇಳಿ ಎಷ್ಟು ವರ್ಷ ಆಯಿತು? ಯುವ ಗಾಯಕರು ಇವನ್ನು ಕಲಿಯುತ್ತಾರೆ, ಹಾಡಲು ವೇದಿಕೆ ಸಿಗುವುದಿಲ್ಲ. ನಾಲ್ಕೂವರೆಗೆ ಏಳುವ ಹಿರಿಯರು ಊರ ತುಂಬ ಇದ್ದಾರೆ. ಭೈರವ ಕೇಳಲು ಅವರಿಗಿಂತ ತಕ್ಕ ಕಿವಿ ಬೇಕಾ?

ಮಾಡಿ ನೋಡಿದ್ದು

ಸೆಪ್ಟೆಂಬರ್‌ನ ಕಾರ್ಯಕ್ರಮದ ಆಮಂತ್ರಣದಲ್ಲಿ ನಾವು ಮೂರು ಹೊತ್ತು ಅಚ್ಚು ಹಾಕಿಸಿದೆವು. ಮೊದಲ ಗಾಯನ 5:00. ಮುಖ್ಯ ಗಾಯನ 6:30. ಮುಕ್ತಾಯ 9:00. ಮುಕ್ತಾಯದ ಹೊತ್ತು ಬರೆಯಲು ಸಮಿತಿಯಲ್ಲಿ ದೊಡ್ಡ ವಾದವೇ ಆಯಿತು. ಕಲೆಗೆ ಕಟ್ಟು ಹಾಕಿದಂತೆ ಅಂದರು. ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಯಾವಾಗ ಮುಗಿಯುತ್ತದೆ ಅಂತ ಗೊತ್ತಿದ್ದರೆ ಊಟ, ಮಾತ್ರೆ, ಆಟೋ, ಮಗಳ ಫೋನು ಎಲ್ಲ ಹೊಂದಿಸಿಕೊಳ್ಳಬಹುದು. ಗೊತ್ತಿಲ್ಲದಿದ್ದರೆ ಮನೆಯಲ್ಲೇ ಉಳಿಯುತ್ತಾರೆ.

ಸೌಂಡ್‌ನವರನ್ನು ಮಧ್ಯಾಹ್ನ ಎರಡಕ್ಕೆ ಕರೆದೆವು. ಸನ್ಮಾನಗಳನ್ನು ವಿರಾಮದಲ್ಲಿ, ಹೊರಗಿನ ಪಡಸಾಲೆಯಲ್ಲಿ ಚಹಾದ ಜೊತೆ ಇಟ್ಟೆವು. ಸಾಲಿನ ಅಂಚಿನ ಕುರ್ಚಿಗಳನ್ನು ಹಿರಿಯರಿಗೆ ಬಿಟ್ಟೆವು. ಮೆಟ್ಟಿಲಿಗೆ ಸಣ್ಣ ದೀಪ. ಉಪ್ಪಿಟ್ಟು, ಚಹಾ ಎಂಟೂವರೆಯವರೆಗೆ. ಧಾರವಾಡಕ್ಕೆ ಒಂದು ಟೆಂಪೋ, ಬಾಡಿಗೆ ಹಂಚಿಕೊಳ್ಳುವುದು. ಮೈಕಿನ ಸದ್ದು ತಗ್ಗಿಸಲು ಹೇಳಿದೆವು. ಇದನ್ನು ಎರಡು ಸಲ ಹೇಳಬೇಕಾಯಿತು.

ಐದು ಗಂಟೆ ಐದು ನಿಮಿಷಕ್ಕೆ ಮುಲ್ತಾನಿ ಶುರುವಾಯಿತು. ಎದುರಿಗೆ ಇದ್ದದ್ದು ಮೂರು ಸಾಲು ಜನ. ಉಳಿದವರು ರೂಢಿಯಂತೆ ಆರೂವರೆಗೆ ಬಂದು ‘ಶುರು ಮಾಡೇಬಿಟ್ಟೀರಲ್ಲ!’ ಅಂತ ಬೈದರು. ಅತಿಥಿಯೊಬ್ಬರು ಬಂದಾಗ ಗಾಯನ ನಡೆದಿತ್ತು, ನಾವು ನಿಲ್ಲಿಸಲಿಲ್ಲ. ಅವರು ಬೇಸರದಿಂದ ಹೋದರು. ಒಬ್ಬ ದಾನಿ ಮುಂದಿನ ವರ್ಷದ ದೇಣಿಗೆ ಇಲ್ಲ ಅಂದರು. ಇದು ಸಣ್ಣ ಪೆಟ್ಟಲ್ಲ, ನಮ್ಮದು ದುಡ್ಡಿರುವ ಸಭೆ ಅಲ್ಲ.

ಇನ್ನೂ ಒಂದು ನಷ್ಟ ನನ್ನನ್ನು ಈಗಲೂ ಕಾಡುತ್ತದೆ. ದುರ್ಗದ ಬೈಲಿನ ಕಡೆಯ ಕೆಲವು ಅಂಗಡಿಯವರು, ಅಲ್ಲಿ ಕೆಲಸ ಮಾಡುವ ಹುಡುಗರು ನಮ್ಮ ಖಾಯಂ ಕೇಳುಗರು. ಶಟರ್ ಎಳೆದು ಒಂಬತ್ತಕ್ಕೆ ಬರುತ್ತಿದ್ದರು. ಕೊನೆಯ ಭೈರವಿಯವರೆಗೂ ಕೂರುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಅವರು ಬರುವಷ್ಟರಲ್ಲಿ ತಂಬೂರಿಗೆ ಗವಸು ಹಾಕುತ್ತಿದ್ದೆವು. ಒಬ್ಬರು ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಆ ಮುಖ ಜನವರಿಯಲ್ಲಿ ಮಾಸ್ತರ ಮುಖ ಇದ್ದ ಹಾಗೇ ಇತ್ತು. ಒಂದೇ ಹೊತ್ತಿನಲ್ಲಿ ಎಲ್ಲರನ್ನೂ ಕೂರಿಸಲು ಆಗುವುದಿಲ್ಲ. ಈಗ ನಾವು ಒಂದು ಕಾರ್ಯಕ್ರಮ ಐದಕ್ಕೆ, ಒಂದು ಎಂಟೂವರೆಗೆ, ಒಂದು ಭಾನುವಾರ ಬೆಳಿಗ್ಗೆ ಅಂತ ಹಂಚಿದ್ದೇವೆ. ಎಂಟೂವರೆ ಅಂದರೆ ಎಂಟೂವರೆಗೇ ಮುಖ್ಯ ಗಾಯನ. ಅದನ್ನು ಆಮಂತ್ರಣದಲ್ಲಿ ಸ್ಪಷ್ಟವಾಗಿ ಬರೆಯುತ್ತೇವೆ. ಇದು ನಡೆಯುತ್ತದೋ ಇಲ್ಲವೋ ಇನ್ನೂ ಎರಡು ವರ್ಷ ನೋಡಬೇಕು.

ಮಾಸ್ತರು ಸೆಪ್ಟೆಂಬರ್‌ನಲ್ಲಿ ಕೊನೆಯವರೆಗೂ ಇದ್ದರು. ಟೆಂಪೋದಲ್ಲಿ ಹೋದರು. ‘ಛಲೋ ಆತು’ ಅಂದರು. ಆದರೆ ದರಬಾರಿ ಮಾತ್ರ ಉಳಿದೇ ಇತ್ತು.

ಡಿಸೆಂಬರ್

ಅದಕ್ಕೆ ಅವರೇ ಹೇಳಿದ ದಾರಿ ಹಿಡಿದೆವು. ಮಾಳಮಡ್ಡಿಯಲ್ಲಿ ಒಬ್ಬರು ತಮ್ಮ ಹಳೆಯ ಮನೆಯ ದೊಡ್ಡ ಪಡಸಾಲೆ ಬಿಟ್ಟುಕೊಟ್ಟರು. ಮೈಕ್ ಇಲ್ಲ. ನಲವತ್ತು ಜನರಿಗಿಂತ ಹೆಚ್ಚು ಬೇಡ ಅಂದೆವು. ಧಾರವಾಡದಲ್ಲೇ ಪಾಠ ಹೇಳುವ ಮೂವರು ಗಾಯಕರು ಸರದಿಯಲ್ಲಿ ಬೆಳಗಿನವರೆಗೆ ಹಾಡಲು ಒಪ್ಪಿದರು. ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿಬಂದೆವು. ಅವರಲ್ಲಿ ಅರ್ಧ ಜನ ಒಳಗೇ ಬಂದು ಕೂತರು.

ಎಂಟೂಕಾಲಿಗೆ ಎಲ್ಲರಿಗೂ ಊಟ. ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ ಸಾರು. ಮಾತ್ರೆ ನುಂಗುವವರು ನುಂಗಿದರು. ಪಕ್ಕದ ಎರಡು ಕೋಣೆಗಳಲ್ಲಿ ಗಾದಿ, ಕೌದಿ ಹಾಸಿದ್ದೆವು. ಒಂದು ಹೆಂಗಸರಿಗೆ, ಒಂದು ಗಂಡಸರಿಗೆ. ಗೋಡೆಗೆ ಒಂದು ಹಾಳೆ ಅಂಟಿಸಿದ್ದೆ. ಮಲಗುವವರು ಹೆಸರು ಬರೆದು, ಪಕ್ಕದಲ್ಲಿ ಯಾವ ರಾಗಕ್ಕೆ ಎಬ್ಬಿಸಬೇಕು ಅಂತ ಬರೆಯಬೇಕು. ಮಾಲಕಂಸಕ್ಕೆ ಆರು ಜನ ಬರೆದಿದ್ದರು. ಲಲಿತ್‌ಗೆ ನಾಲ್ವರು. ಒಬ್ಬರು ‘ಯಾವುದಕ್ಕೂ ಎಬ್ಬಿಸಿ’ ಅಂತ ಬರೆದಿದ್ದರು.

ಮಾಸ್ತರು ಯಮನ್ ಕೇಳಿ, ಬಿಹಾಗ್ ಅರ್ಧ ಕೇಳಿ, ಹತ್ತಕ್ಕೆ ಹೋಗಿ ಮಲಗಿದರು. ಕಾಕು ಮಲಗಲಿಲ್ಲ.

ಹನ್ನೆರಡೂವರೆಗೆ ತಬಲಾ ಮತ್ತೆ ಕೂಡಿಸಿದರು. ಓಣಿ ಪೂರ್ತಿ ಸುಮ್ಮನಿತ್ತು. ದೂರದಲ್ಲಿ ಸ್ಟೇಷನ್ನಿನ ಕಡೆ ಒಂದು ರೈಲು ಕೂಗಿ ಹೋಯಿತು. ಗಾಯಕರು ಷಡ್ಜದಲ್ಲಿ ನಿಂತು, ನಿಧಾನವಾಗಿ ಮಂದ್ರದ ಧೈವತ ಸ್ವರಕ್ಕೆ ಇಳಿದರು. ಕಾಕು ಎದ್ದು ಕೋಣೆಗೆ ಹೋದರು. ನಾನು ಬಾಗಿಲಲ್ಲೇ ಇದ್ದೆ.

‘ಏಳ್ರಿ. ದರಬಾರಿ ಸುರು ಮಾಡ್ಯಾರ.’

ಮಾಸ್ತರು ಎದ್ದು ಕೂತರು. ಕಿವಿಯ ಮಷಿನು ತೆಗೆದು ಡಬ್ಬಿಯಲ್ಲಿಟ್ಟು ಡಬ್ಬಿ ಜೇಬಿಗೆ ಹಾಕಿಕೊಂಡರು. ಕೌದಿ ಹೊದ್ದುಕೊಂಡೇ ಬಂದು ತಂಬೂರಿಯಿಂದ ಮೂರು ಮೊಳ ದೂರದಲ್ಲಿ ಕೂತರು. ಮುಕ್ಕಾಲು ತಾಸು ಅಲುಗಾಡಲಿಲ್ಲ.

ಭೈರವ ಮುಗಿಯುವಾಗ ಆರೂ ಮುಕ್ಕಾಲು ದಾಟಿತ್ತು. ಉಪ್ಪಿಟ್ಟು ತಿಂದರು, ಚಹಾ ಕುಡಿದರು. ಆಟೋ ಕರೆಯಲಾ ಅಂದೆ. ‘ಬ್ಯಾಡೋ, ಬೆಳಕಾಗೇತಿ’ ಅಂದರು. ಇಬ್ಬರೂ ನಡೆದುಕೊಂಡೇ ಮನೆಗೆ ಹೋದರು.